ತಾತನ ಕೋವಿಗೆ ಯಾವ ಮದ್ದು?

ಕೇಳುಗರಿಗೆ ನಮಸ್ಕಾರ.

ದಸರೆಗೆ ಇನ್ನೂ ದಿನಗಳಿರುವಾಗಲೇ ಮೈಸೂರಿನವರ ಕಿವಿಗೆ ಫಿರಂಗಿಯ ಸದ್ದು ಬೀಳುತ್ತದೆ. ಜಂಬೂಸವಾರಿಯ ಆನೆ, ಕುದುರೆಗಳು ಬೆಚ್ಚದಿರಲೆಂದು ನಡೆಸುವ ಕುಶಾಲತೋಪಿನ ತಾಲೀಮು ಅದು. ಅಲ್ಲಿ ಎಲ್ಲರೂ ಬೆಂಕಿಯನ್ನೂ ಹೊಗೆಯನ್ನೂ ನೋಡುತ್ತಾರೆ. ನಾನು ನೋಡುವುದು ಆ ನಂತರದ ಕ್ಷಣವನ್ನು. ಸುತ್ತು ಸಿಡಿದ ಕೂಡಲೇ ಸಿಬ್ಬಂದಿಯೊಬ್ಬರು ಒದ್ದೆ ಬಟ್ಟೆ ಸುತ್ತಿದ ಕೋಲನ್ನು ಫಿರಂಗಿಯ ಬಾಯೊಳಗೆ ತುರುಕಿ, ತಿರುಗಿಸಿ, ಹೊರಗೆಳೆಯುತ್ತಾರೆ. ಮುಂದಿನ ಮದ್ದು ಒಳಗೆ ಹೋಗುವುದು ಅದಾದ ಮೇಲೆಯೇ.

ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಹಳೆಯ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ. ಘನರೂಪದಲ್ಲೇ ಉಳಿದು, ಸ್ವಲ್ಪ ಬಿಳಿಹೊಗೆಯಾಗಿ ಹಾರುತ್ತದೆ, ಸ್ವಲ್ಪ ಮಸಿಯಾಗಿ ನಳಿಗೆಗೆ ಅಂಟುತ್ತದೆ. ಆ ಮಸಿಯಲ್ಲಿ ಒಂದು ಕಿಡಿ ಉಳಿದಿದ್ದರೂ ಮುಂದೆ ತುಂಬುವ ಮದ್ದು ತುಂಬುವವರ ಕೈಯೆದುರೇ ಹೊತ್ತಿಕೊಳ್ಳುತ್ತದೆ. ಒದ್ದೆ ಬಟ್ಟೆ ಕಾಯುವುದು ಆ ಕೈಯನ್ನು.

ಮಂಡ್ಯದ ಕಡೆ ನಮ್ಮ ತಾತನ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿನಳಿಗೆಯ ಕೇಪಿನ ಕೋವಿ ಇತ್ತು. ಕೇಪೆಂದರೆ ಬಡಿದಾಗ ಕಿಡಿ ಹಾರಿಸಿ ಮದ್ದನ್ನು ಹೊತ್ತಿಸುವ ಪುಟ್ಟ ಲೋಹದ ಟೋಪಿ. ಕಬ್ಬಿಗೆ ಹಂದಿ ನುಗ್ಗಿದ ರಾತ್ರಿ ಗುಂಡಿಲ್ಲದೆ, ಬರಿಯ ಮದ್ದು ಮತ್ತು ತೆಂಗಿನ ನಾರು ತುಂಬಿ ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರು. ಅವರು ಮದ್ದನ್ನು ತಕ್ಕಡಿಯಲ್ಲಿ ತೂಗಿದ್ದನ್ನು ನಾನು ಕಂಡಿಲ್ಲ. ಬಿದಿರಿನ ಒಂದು ಪುಟ್ಟ ಗೆಣ್ಣೇ ಅವರ ಅಳತೆ. ಬೆಳಗ್ಗೆ ಎದ್ದವರೇ ಕಾಫಿಗೂ ಮೊದಲು ನಳಿಗೆಗೆ ಕುದಿನೀರು ಸುರಿಯುತ್ತಿದ್ದರು. ಕೇಪು ಕೂರಿಸುವ ಸಣ್ಣ ರಂಧ್ರದಿಂದ ಕಪ್ಪು ನೀರು ಚಿಮ್ಮಿ, ಅಂಗಳದಲ್ಲೆಲ್ಲ ಕೊಳೆತ ಮೊಟ್ಟೆಯ ವಾಸನೆ ಹರಡುತ್ತಿತ್ತು. ನೀರು ತಿಳಿಯಾಗುವವರೆಗೆ ಬಿಡುತ್ತಿರಲಿಲ್ಲ. ಕೊನೆಗೆ ಒಣಬಟ್ಟೆ, ಎಣ್ಣೆ. ಒಂದು ದಿನ ತಪ್ಪಿದರೂ ಆ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನತೊಡಗುತ್ತದೆ.

ಇಷ್ಟು ಕಾಟವಿರುವ ಮದ್ದಿಗೆ ಬದಲಿ ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹುಡುಕಾಟಕ್ಕೆ ಮುಖ್ಯ ಕಾರಣ ಮಸಿಯಲ್ಲ, ದಾಸ್ತಾನು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜೋಡಿ ರೈಲು ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಅವುಗಳಲ್ಲೊಂದನ್ನು ಒಡೆಯದೆ, ಇಡಿಯಾಗಿಯೇ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರಲ್ಲ, ಅಂಥವು. ಕಿಡಿಗೆ ಅಷ್ಟು ಬೇಗ ಓಗೊಡುವ ವಸ್ತುವಿಗೆ ಅಷ್ಟು ದಪ್ಪದ ಗೋಡೆ ಬೇಕಾಗಿತ್ತು. ಅಮೆರಿಕದ ಕಾನೂನಿನಲ್ಲಿ ಇಂದಿಗೂ ಕರಿಮದ್ದು ಸ್ಫೋಟಕಗಳ ಸಾಲಿನಲ್ಲಿದೆ, ಅಂಗಡಿಯವರಿಗೆ ಅದನ್ನಿಡುವುದೇ ತಲೆನೋವು. ಬೆಂಕಿಗೆ ಅಷ್ಟು ಸುಲಭವಾಗಿ ಮಣಿಯದ, ಸಾಗಿಸಲು ಸುಲಭವಾದ ಪೈರೋಡೆಕ್ಸ್ ಎಂಬ ಬದಲಿ ಮದ್ದು 1970ರ ದಶಕದಲ್ಲಿ ಬಂದದ್ದು ಈ ತೊಡಕಿನಿಂದ. ಆಮೇಲೆ ಗಂಧಕವಿಲ್ಲದ ಟ್ರಿಪಲ್ ಸೆವೆನ್ ಬಂತು, ಬ್ಲ್ಯಾಕ್‌ಹಾರ್ನ್ 209 ಬಂತು.

ಆದರೆ ಯಾವ ಗುಣಕ್ಕಾಗಿ ಬದಲಿ ಮದ್ದು ಹುಟ್ಟಿತೋ ಆ ಗುಣವೇ ಹಳೆಯ ಕೋವಿಗೆ ಒಗ್ಗುವುದಿಲ್ಲ. ಅಮೆರಿಕದಲ್ಲಿ ತಂಗಿಯ ಮನೆಗೆ ಹೋಗಿದ್ದಾಗ ಬಾಯಿಂದ ಮದ್ದು ತುಂಬುವ ಕೋವಿಗಳ ಗುರಿ ಅಭ್ಯಾಸವನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ಒಬ್ಬರು ಚಕಮಕಿ ಕೋವಿಗೆ ಬದಲಿ ಮದ್ದು ತುಂಬಿದ್ದರು. ಕೋವಿಯ ಕುದುರೆ, ಅಂದರೆ ಕಲ್ಲು ಹಿಡಿದ ಸುತ್ತಿಗೆ, ಬಿತ್ತು; ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಉದುರಿತು, ಹೊರಗಿನ ಪುಟ್ಟ ಬಟ್ಟಲಿನಲ್ಲಿದ್ದ ರಂಜಕ, ಅಂದರೆ ಹೊತ್ತಿಸುವ ಮದ್ದು, ಭುಸ್ಸೆಂದಿತು. ಒಳಗಿನ ಮದ್ದು ಮಾತ್ರ ಏಳಲಿಲ್ಲ. ಆತ ನಳಿಗೆಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷ ಅಲುಗದೆ ನಿಂತರು; ಈಡು ತಡವಾಗಿ ಹಾರಬಹುದೆಂಬ ಎಚ್ಚರ. ಪಕ್ಕದವರು ಕರಿಮದ್ದನ್ನೇ ಹಾಕಿದ್ದರು. ಅವರದು ಪ್ರತಿ ಸಲವೂ ಸಿಡಿಯಿತು. ಕೇಪಿನ ಕೋವಿಯಲ್ಲಿ ಪೈರೋಡೆಕ್ಸ್ ನಡೆಯುತ್ತದೆ. ಹೊಗೆಯಿಲ್ಲದ ಮದ್ದಿನ ಮೂಲವಸ್ತುವಾದ ನೈಟ್ರೋಸೆಲ್ಯುಲೋಸ್ ಇರುವ ಬ್ಲ್ಯಾಕ್‌ಹಾರ್ನ್‌ಗೆ ಮಾಮೂಲಿ ಕೇಪಿನ ಕಿಡಿಯೂ ಸಾಲದು. ಕೇಪಿಗಿಂತ ಬಲವಾದ ಕಿಡಿ ಕೊಡುವ 209 ಪ್ರೈಮರ್ ಇರುವ ಈಚಿನ ಕೋವಿಯೇ ಬೇಕು.

ಇನ್ನು ಅಳತೆ. ಇಲ್ಲಿ ಎಡವುವವರು ಬಹಳ. ಪೈರೋಡೆಕ್ಸ್ ಕರಿಮದ್ದಿಗಿಂತ ಹಗುರ; ಅದೇ ಗಾತ್ರಕ್ಕೆ ತೂಕ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕಡಿಮೆ. ಅದನ್ನು ತಾತನ ಬಿದಿರಿನ ಗೆಣ್ಣಿನಂತೆ ಗಾತ್ರದಲ್ಲೇ ಅಳೆಯಬೇಕು. ಕರಿಮದ್ದಿನಷ್ಟೇ ತೂಗಿ ಹಾಕಿದರೆ ಮದ್ದು ಮಿತಿಮೀರುತ್ತದೆ. ಟ್ರಿಪಲ್ ಸೆವೆನ್‌ಗೆ ಗಾತ್ರ ಸಮನಾದರೂ ಬಲ ಹೆಚ್ಚು. ಶೇಕಡಾ 15ರಷ್ಟು ಕಡಿಮೆ ಹಾಕಬೇಕು. ತೋಟಾದೊಳಗಿನ ಹೊಗೆಯಿಲ್ಲದ ಮದ್ದನ್ನಂತೂ ಈ ಕೋವಿಗಳಿಗೆ ಚಿಟಿಕೆಯಷ್ಟೂ ಹಾಕಬಾರದು. ನಳಿಗೆ ಸೀಳುತ್ತದೆ, ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ.

ಬದಲಿ ಮದ್ದಿಗೆ ತೊಳೆಯುವ ಗೋಜಿಲ್ಲ ಎಂಬ ಮಾತನ್ನೂ ನಂಬಬೇಡಿ. ಪೈರೋಡೆಕ್ಸಿನಲ್ಲಿರುವ ಪರ್ಕ್ಲೋರೇಟ್ ಉರಿದ ಮೇಲೆ ಕ್ಲೋರೈಡ್ ಉಪ್ಪಾಗಿ ಉಳಿಯುತ್ತದೆ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆಂದು ಉಪ್ಪಿನಕಾಯಿ ಭರಣಿಯಲ್ಲಿ ಕಬ್ಬಿಣದ ಚಮಚ ಮರೆತವರಿಗೆಲ್ಲ ಗೊತ್ತು. ಟ್ರಿಪಲ್ ಸೆವೆನ್‌ನಲ್ಲಿ ಆ ಕೊಳೆತ ಮೊಟ್ಟೆಯ ವಾಸನೆ ಇಲ್ಲ, ಅದು ನಿಜ. ನೀರು, ಎಣ್ಣೆ ಅದಕ್ಕೂ ತಪ್ಪಿದ್ದಲ್ಲ.

ಅಮೆರಿಕದ ಹೆಸರಾಂತ ಕರಿಮದ್ದು ಗೋಯೆಕ್ಸ್. 2021ರಲ್ಲಿ ಅದರ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಚಕಮಕಿ ಕೋವಿಯವರು ಕಂಗಾಲಾಗಿದ್ದರು. ಮರುವರ್ಷ ಅದನ್ನು ಕೊಂಡದ್ದು ಆಟದ ರಾಕೆಟ್‌ಗಳಿಗೆ ಹೆಸರಾದ ಎಸ್ಟೆಸ್ ಬಳಗ. ಆ ಪುಟ್ಟ ರಾಕೆಟ್‌ಗಳು ಹಾರುವುದೂ ಕರಿಮದ್ದಿನಿಂದಲೇ. ಮೈಸೂರು ರಾಕೆಟ್ಟಿನ ನೆಲದವನಾದ ನನಗೆ ಅದನ್ನು ಓದಿ ನೆಮ್ಮದಿಯಾಯಿತು.

ಕೊನೆಗೊಂದು ಮಾತು, ಮನೆಯಲ್ಲಿ ಹಿರಿಯರ ಪರವಾನಗಿ ಕೋವಿ ಉಳಿದಿರುವವರಿಗೆ. ಒಣಗಿದ ಕರಿಮದ್ದು ನಳಿಗೆಯೊಳಗೆ ದಶಕಗಳ ನಂತರವೂ ಸಾಯುವುದಿಲ್ಲ. ನಮ್ಮ ತಾತ ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೋದಾಗ, ಅಲ್ಲಿನ ಅನುಭವಿ ಪೇದೆಯೊಬ್ಬರು ಬಾಯಿಯನ್ನು ಗೋಡೆಯತ್ತ ತಿರುಗಿಸಿ, ಮದ್ದು ತುರುಕುವ ಕೋಲಾದ ಗಜವನ್ನು ನಿಧಾನವಾಗಿ ಒಳಗಿಳಿಸಿದರು. ಅದು ನಿಂತ ಕಡೆ ಬೆರಳಿನಿಂದ ಗುರುತು ಹಿಡಿದು, ಹೊರಗೆಳೆದು, ನಳಿಗೆಯ ಪಕ್ಕಕ್ಕಿಟ್ಟು ನೋಡಿದರು. ನಾಲ್ಕು ಬೆರಳು ಕಡಿಮೆಯಿತ್ತು. ತಾತನ ಕೊನೆಯ ಈಡು ಇನ್ನೂ ಒಳಗೇ ಇತ್ತು.

ನಮಸ್ಕಾರ.