ಟ್ಯೂಬ್ ಬಿಟ್ಟ ಮೇಲೆ ಚರ್ಮ ಉರಿಯುವುದು ಯಾಕೆ?

ನಮಸ್ಕಾರ, ಎಲ್ಲರಿಗೂ.

(ಕೈಯಲ್ಲಿ ಬುಡದಿಂದ ಸುರುಳಿ ಸುತ್ತಿದ ಖಾಲಿ ಟ್ಯೂಬ್)

ಈ ಟ್ಯೂಬ್ ನೋಡಿ. ಇದರಲ್ಲಿದ್ದದ್ದು ಕ್ಲೋಬೆಟಾಸಾಲ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ತುಂಬಾ ಜೋರಾದದ್ದು. ಮೊಣಕೈ ಮಡಿಕೆಯಲ್ಲಿ ಇಸುಬು ಆಗಿದೆ ಅಂದೆ, ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಟ್ಟರು. ಮೂರೇ ದಿನಕ್ಕೆ ತುರಿಕೆ ಮಾಯ! ಆಮೇಲೆ ಕುತ್ತಿಗೆಗೆ ಹಚ್ಚಿದೆ, ಮುಖಕ್ಕೂ ಹಚ್ಚಿದೆ. ಹೀಗೇ ಎರಡು ವರ್ಷ.

ಬಿಟ್ಟ ಒಂದು ವಾರಕ್ಕೆ ಮುಖ ಕೆಂಡದ ಹಾಗಾಯಿತು. ತುರಿಕೆಗಿಂತ ಉರಿಯೇ ಜಾಸ್ತಿ. ಬೆಳಿಗ್ಗೆ ಎದ್ದರೆ ದಿಂಬಿನ ತುಂಬ ಹೊಟ್ಟು. ಹುಬ್ಬಿನ ಕೂದಲೂ ಉದುರಿತು. ಇಸುಬು ಯಾವತ್ತೂ ಬಾರದಿದ್ದ ಜಾಗವೂ ಕೆಂಪಾಯಿತು.

ಸ್ಟೀರಾಯ್ಡ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತವನ್ನು ಅದುಮಿಡುತ್ತದೆ. ತಿಂಗಳುಗಟ್ಟಲೆ ಅದುಮಿ ಒಮ್ಮೆಲೇ ಕೈ ತೆಗೆದರೆ ನಾಳಗಳು ಹಿಗ್ಗುತ್ತವೆ, ಚರ್ಮ ಕೆಂಪಾಗಿ ಉರಿಯುತ್ತದೆ. ನಾವೇನು ಮಾಡುತ್ತೇವೆ? ಇಸುಬು ಮತ್ತೆ ಬಂತು ಅಂದುಕೊಂಡು ಅದೇ ಟ್ಯೂಬ್ ಹುಡುಕುತ್ತೇವೆ. ಸಿಕ್ಕಿಬೀಳುವುದು ಇಲ್ಲೇ.

2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ಆದರೂ ನಮ್ಮ ಬೀದಿಗಳಲ್ಲಿ ಸುಮ್ನೆ ಕೇಳಿದರೂ ಸಿಗುತ್ತದೆ. ಹುಳುಕಡ್ಡಿಗೂ ಇದೇ, ಮುಖ ಬೆಳ್ಳಗಾಗಲಿಕ್ಕೂ ಇದೇ. ನನಗೆ ಇದನ್ನು ನೋಡಿದರೆ ಸಂಕಟವಾಗುತ್ತದೆ.

ಹಾಗಂತ ಸ್ಟೀರಾಯ್ಡೇ ವಿಷ ಅಲ್ಲ. ಡಾಕ್ಟರ್ ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಇಸುಬಿಗೆ ಅದು ಒಳ್ಳೆಯ ಔಷಧಿಯೇ.

(ತೋರುಬೆರಳಿನ ಮೇಲೆ ಕ್ರೀಮ್ ಹಿಂಡುತ್ತಾ)

ಬೆರಳ ತುದಿಯಿಂದ ಮೊದಲ ಗೆರೆವರೆಗೆ, ನೋಡಿ, ಇಷ್ಟು. ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಗಲದ ಜಾಗಕ್ಕೆ ಇದೇ ಸಾಕು. ನಾನು ಹಚ್ಚುತ್ತಿದ್ದದ್ದು ಲೆಕ್ಕವೇ ಇಲ್ಲ.

ಈಗ ಬಿಡಬೇಕು ಅನ್ನುವವರು ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಒಮ್ಮೆಲೇ ನಿಲ್ಲಿಸಬೇಕೋ, ನಿಧಾನಕ್ಕೆ ಇಳಿಸಬೇಕೋ ಅವರೇ ಹೇಳಲಿ. ಟ್ಯಾಕ್ರೋಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮುಗಳೂ ಇವೆ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ನೀವಾಗಿ ತಟ್ಟನೆ ನಿಲ್ಲಿಸಲೇಬೇಡಿ, ಜೀವಕ್ಕೇ ಕುತ್ತು.

ಮನೆಯಲ್ಲಿ ನನ್ನ ಕೈ ಹಿಡಿದದ್ದು ಸ್ನಾನದ ಕ್ರಮ. ಉಗುರುಬೆಚ್ಚಗಿನ ನೀರು, ಐದೇ ನಿಮಿಷ. ಟವೆಲಿನಿಂದ ಉಜ್ಜಬಾರದು, ಮೆಲ್ಲಗೆ ಒತ್ತಬೇಕು. ಮೈ ಇನ್ನೂ ಪಸೆ ಇರುವಾಗಲೇ ವಾಸನೆ ಇಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ. ಹತ್ತಿ ಬಟ್ಟೆ, ಮೋಟು ಉಗುರು. ಯಾರು ಎಷ್ಟೇ ಹೇಳಲಿ, ಬಿರಿದ ಚರ್ಮಕ್ಕೆ ನಿಂಬೆರಸ, ಬೇವಿನರಸ ಬೇಡ.

ಹಳದಿ ಕೀವು, ಜ್ವರ, ನೋಯುವ ನೀರುಗುಳ್ಳೆ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದು ಸೋಂಕಾಗಿರಬಹುದು.

ಟ್ಯೂಬ್ ಬಿಟ್ಟ ಮೇಲೆ ಚರ್ಮ ಸರಿಹೋಗಲು ಎಷ್ಟು ದಿನ ಬೇಕು? ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಇನ್ನು ಕೆಲವರಿಗೆ ವರ್ಷದ ಮೇಲೆ. ಅದಕ್ಕೇ ಪ್ರತಿ ಭಾನುವಾರ ಒಂದೇ ಕಿಟಕಿ ಹತ್ತಿರ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ದಿನಾ ನೋಡುವವರಿಗೆ ವ್ಯತ್ಯಾಸ ಗೊತ್ತಾಗಲ್ಲ, ಅಲ್ವಾ?

(ಎರಡು ಫೋಟೋ ಪಕ್ಕಪಕ್ಕ)

ಇದು ಎರಡನೇ ತಿಂಗಳು. ಇದು ಎಂಟನೇ ತಿಂಗಳು. ಕೆಂಪು ಇನ್ನೂ ಅಲ್ಲಲ್ಲಿ ಇದೆ. ಹುಬ್ಬು ನೋಡಿ, ಕೂದಲು ಬಂದಿದೆ.