ಹಾಲ್ಸೆಮಾ ಹೆದ್ದಾರಿಯಿಂದ ಬಟಾಡ್‌ನ ಗದ್ದೆಗಳವರೆಗೆ: ಉತ್ತರ ಲೂಜಾನ್‌ನ ಬೆಟ್ಟದೂರುಗಳಲ್ಲಿ ಗೆಳೆಯರ ಬಳಗ

ನಮ್ಮ ಪ್ರವಾಸದ ಈ ವೀಡಿಯೊದಲ್ಲಿ, ಪರದೆಯ ಮೇಲಿನ ನಕ್ಷೆಯಲ್ಲಿ ಕೆಂಪು ಗೆರೆಯಾಗಿ ಕಾಣುತ್ತಿರುವುದು ನಾವು ಸಾಗಿದ ದಾರಿ. ಫಿಲಿಪೈನ್ಸ್‌ನ ಲೂಜಾನ್ ದ್ವೀಪದಲ್ಲಿ, ರಾಜಧಾನಿ ಮನಿಲಾದಿಂದ ಉತ್ತರಕ್ಕೆ ಹೊರಟು ಬಗಿಯೊ ನಗರವನ್ನು ತಲುಪಿ, ಅಲ್ಲಿಂದ ಹಾಲ್ಸೆಮಾ ಹೆದ್ದಾರಿ ಹಿಡಿದು ಬೆಂಗೆಟ್ ಪ್ರಾಂತ್ಯವನ್ನು ದಾಟಿ, ಮೌಂಟನ್ ಪ್ರಾವಿನ್ಸ್‌ನ ಸಗಾಡ ಮತ್ತು ಬೊಂಟೊಕ್ ಊರುಗಳ ಮೂಲಕ ಇಫುಗಾವ್ ಪ್ರಾಂತ್ಯದ ಬನಾವೆಗೆ ಇಳಿದು, ಕೊನೆಗೆ ನುಯೆವಾ ವಿಸ್ಕಾಯಾದ ಕಡೆಯಿಂದ ಮತ್ತೆ ಮನಿಲಾ ಸೇರುವ ಸುತ್ತು ಇದು. ಫಿಲಿಪೈನ್ಸ್ ಎಂದೊಡನೆ ನಮ್ಮವರಿಗೆ ಕಡಲತೀರಗಳೇ ನೆನಪಾಗುತ್ತವೆ. ಆದರೆ ಮನಿಲಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಗೆಳೆಯನ ಸಹೋದ್ಯೋಗಿಯೊಬ್ಬರು ಬೆಂಗೆಟ್‌ನವರು. ತಮ್ಮ ಸೀಮೆಯನ್ನು ತಾವೇ ತೋರಿಸುವುದಾಗಿ ಅವರು ಹೇಳಿದ ಮೇಲೆ ಬೇರೆ ಮಾತೇ ಉಳಿಯಲಿಲ್ಲ. ವಯಸ್ಸಿನಲ್ಲಿ ಹಿರಿಯರಾದ ಅವರನ್ನು ನಾವೆಲ್ಲರೂ ಅಲ್ಲಿನ ರೂಢಿಯಂತೆ ‘ಕುಯಾ’, ಅಂದರೆ ಅಣ್ಣ, ಎಂದೇ ಕರೆದೆವು.

ಹೊರಡುವವರಿಗೆ ಒಂದೆರಡು ಮಾಹಿತಿ ಮೊದಲೇ ಹೇಳಿಬಿಡುತ್ತೇನೆ. 2025ರ ಜೂನ್‌ನಿಂದ ಭಾರತೀಯರು ಪ್ರವಾಸಕ್ಕಾಗಿ 14 ದಿನಗಳವರೆಗೆ ವೀಸಾ ಇಲ್ಲದೆ ಫಿಲಿಪೈನ್ಸ್ ಪ್ರವೇಶಿಸಬಹುದು. ನಮ್ಮ ಚಾಲನಾ ಪರವಾನಗಿ ಅಲ್ಲಿ 90 ದಿನಗಳವರೆಗೆ ನಡೆಯುತ್ತದೆ. ಆದರೆ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವ ದೇಶವಾದ್ದರಿಂದ, ಬೆಟ್ಟದ ದಾರಿಯಲ್ಲಿ ಸ್ಟೀರಿಂಗನ್ನು ಕುಯಾ ಅವರಿಗೇ ಬಿಟ್ಟುಕೊಟ್ಟು ನಾವು ಬಯಲಿನಲ್ಲಿ ಮಾತ್ರ ಓಡಿಸಿದೆವು. ಬಾಡಿಗೆ ಕಾರಿನ ಗಾಜಿನ ಮೇಲೆ ಟೋಲ್‌ಗಾಗಿ ನಮ್ಮ ಫಾಸ್ಟ್‌ಟ್ಯಾಗ್‌ನ ಬಗೆಯ ಸ್ಟಿಕ್ಕರ್‌ಗಳಿದ್ದವು. ಒಂದಲ್ಲ, ಎರಡು, ಬೇರೆ ಬೇರೆ ಸಂಸ್ಥೆಗಳ ಎಕ್ಸ್‌ಪ್ರೆಸ್‌ವೇಗಳಿಗೆ ಬೇರೆ ಬೇರೆ.

ಮನಿಲಾದಿಂದ ಬಗಿಯೊಗೆ ಸುಮಾರು 250 ಕಿಲೋಮೀಟರ್. 2020ರಲ್ಲಿ ಎಕ್ಸ್‌ಪ್ರೆಸ್‌ವೇ ಲಾ ಯೂನಿಯನ್ ಪ್ರಾಂತ್ಯದ ರೊಸಾರಿಯೊವರೆಗೆ ಪೂರ್ಣಗೊಂಡಿರುವುದರಿಂದ ಬೆಟ್ಟದ ಬುಡದವರೆಗಿನ ಪ್ರಯಾಣ ಸಲೀಸು. ಅಮೆರಿಕನ್ನರು ಆಳುತ್ತಿದ್ದ ಕಾಲದಲ್ಲಿ, ಮನಿಲಾದ ಸೆಕೆಯಿಂದ ತಪ್ಪಿಸಿಕೊಳ್ಳಲು ಸುಮಾರು 1,500 ಮೀಟರ್ ಎತ್ತರದಲ್ಲಿ ಕಟ್ಟಿಕೊಂಡ ಗಿರಿಧಾಮ ಬಗಿಯೊ. 1909ರಲ್ಲಿ ಅದಕ್ಕೆ ನಗರದ ಸ್ಥಾನ ದೊರೆಯಿತು. ಇಂದು ಅದು ವಾಹನಗಳಿಂದ ಕಿಕ್ಕಿರಿದಿದೆ. ಅಲ್ಲಿ ನಾವು ಮಾಡಿದ ಮುಖ್ಯ ಕೆಲಸವೆಂದರೆ, ‘ಉಕಾಯ್ ಉಕಾಯ್’ ಎಂದು ಕರೆಯುವ ಹಳೆಯ ಬಟ್ಟೆಗಳ ರಾಶಿಯಲ್ಲಿ ಕೈಯಾಡಿಸಿ, ಮುಂದಿನ ಚಳಿಗೆ ಬೇಕಾದ ಸ್ವೆಟರ್‌ಗಳನ್ನು ಕಡಿಮೆ ಬೆಲೆಗೆ ಆರಿಸಿಕೊಂಡದ್ದು.

ಈಗ ಪರದೆಯಲ್ಲಿ ಬರುತ್ತಿರುವುದು ಹಾಲ್ಸೆಮಾ ಹೆದ್ದಾರಿ. 1920 ಮತ್ತು 30ರ ದಶಕಗಳಲ್ಲಿ ಬಗಿಯೊದ ಮೇಯರ್ ಆಗಿದ್ದ ಅಮೆರಿಕನ್ ಇಂಜಿನಿಯರ್ ಯುಸೀಬಿಯಸ್ ಹಾಲ್ಸೆಮಾ ಅವರ ಹೆಸರನ್ನು ಹೊತ್ತ ಈ ರಸ್ತೆ, ಬೆಟ್ಟಗಳ ನೆತ್ತಿಯ ಅಂಚನ್ನೇ ಹಿಡಿದು ಬೊಂಟೊಕ್‌ನತ್ತ ಸಾಗುತ್ತದೆ. ಅಟೊಕ್ ಎಂಬಲ್ಲಿ ಅದು 2,255 ಮೀಟರ್ ಎತ್ತರಕ್ಕೇರುತ್ತದೆ. ದೇಶದ ಹೆದ್ದಾರಿಗಳಲ್ಲೇ ಅತಿ ಎತ್ತರದ ಸ್ಥಳವೆಂಬ ಹೆಗ್ಗಳಿಕೆ ಬಹುಕಾಲ ಅದಕ್ಕಿತ್ತು. ಟಿನೊಕ್ ಕಡೆಯ ಇನ್ನೊಂದು ರಸ್ತೆಗೆ ಆ ಹೆಸರು ಹೋಗಿದ್ದರೂ ಜನರು ಹಳೆಯ ಫಲಕದ ಮುಂದೆಯೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಫೆಬ್ರವರಿ ತಿಂಗಳಾದ್ದರಿಂದ ಮಳೆಯ ಭಯವಿರಲಿಲ್ಲ, ಆದರೆ ಮಧ್ಯಾಹ್ನ ಕಳೆಯುತ್ತಿದ್ದಂತೆ ಮಂಜು ಕಣಿವೆಯಿಂದ ಮೇಲೇರಿ ಬಂದು ಎದುರಿನ ತಿರುವೇ ಕಾಣದಾಯಿತು. ಕುಯಾ ಅವರು ಹೆಡ್‌ಲೈಟ್ ತಗ್ಗಿಸಿ, ಪ್ರತಿ ತಿರುವಿನಲ್ಲೂ ಹಾರ್ನ್ ಒತ್ತುತ್ತಾ, ಹಿಂದೆ ಅವಸರಪಡುತ್ತಿದ್ದ ಬಸ್ಸಿಗೆ ದಾರಿ ಬಿಟ್ಟುಕೊಟ್ಟು, ನಮ್ಮ ಯಾವ ಸಲಹೆಗೂ ಕಿವಿಗೊಡದೆ ನಿಧಾನವಾಗಿ ನಡೆಸಿದರು.

ಈ ರಸ್ತೆಯ ನಿಜವಾದ ಒಡೆಯರು ತರಕಾರಿ ಲಾರಿಗಳು. ಎರಡೂ ಬದಿಯ ಇಳಿಜಾರುಗಳನ್ನು ಹಂತ ಹಂತವಾಗಿ ಕಡಿದು ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ ಬೆಳೆಯುತ್ತಾರೆ. ಕೆಲವು ತೋಟಗಳಿಗೆ ಕಾಲುದಾರಿಯೇ ದುರ್ಗಮವಾದ್ದರಿಂದ, ಕಣಿವೆಗೆ ಅಡ್ಡಲಾಗಿ ಉಕ್ಕಿನ ಹಗ್ಗವನ್ನು ಬಿಗಿದು, ಅದರಲ್ಲಿ ತೂಗುವ ತೊಟ್ಟಿಲಿನಲ್ಲಿ ಕೋಸಿನ ಮೂಟೆಗಳನ್ನು ರಸ್ತೆಯವರೆಗೆ ಎಳೆದುಕೊಳ್ಳುತ್ತಾರೆ. ಇಷ್ಟೆಲ್ಲ ತರಕಾರಿಯ ನಡುವೆಯೂ ನಮ್ಮ ತಂಡದ ಸಸ್ಯಾಹಾರಿ ಗೆಳೆಯನಿಗೆ ಊಟ ಸಿಕ್ಕುವುದು ಕಷ್ಟವಾಯಿತೆಂಬುದು ಒಂದು ತಮಾಷೆ. ಕರಿಂದೇರಿಯಾ ಎಂಬ ರಸ್ತೆಬದಿಯ ಹೋಟೆಲುಗಳಲ್ಲಿ ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮುಚ್ಚಳ ಎತ್ತಿ ನೋಡಿ ಬೇಕಾದದ್ದನ್ನು ಬೆರಳು ತೋರಿಸಿ ಕೇಳಬೇಕು. ಅವನು ಎತ್ತಿದ ಮುಚ್ಚಳಗಳ ಕೆಳಗೆ, ಕೋಸಿನ ಜೊತೆ ಹಂದಿಮಾಂಸದ ಚೂರು, ಬದನೆ ಹಾಗಲಗಳ ಜೊತೆ ಹುದುಗಿಸಿದ ಸಿಗಡಿಯ ಗೊಜ್ಜು. ಕೊನೆಗೆ ಅನ್ನ, ಹುರಿದ ನೆಲಗಡಲೆ ಮತ್ತು ನಾವು ಕೊಂಡೊಯ್ದಿದ್ದ ಚಟ್ನಿಪುಡಿಯೇ ಅವನನ್ನು ಕಾಪಾಡಿದವು.

ಮೌಂಟ್ ಡೇಟಾ ದಾಟಿದ ಮೇಲೆ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅಲ್ಲಿ ಪಂಕ್ಚರ್ ಅಂಗಡಿಯನ್ನು ಗುರುತಿಸಲು ‘ವಲ್ಕನೈಸಿಂಗ್’ ಎಂಬ ಬರಹ ಹುಡುಕಬೇಕು. ಹಳೆಯ ಟೈರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದು ರಸ್ತೆಬದಿಗೆ ಒರಗಿಸಿರುತ್ತಾರೆ. ಕೆಲಸ ಬೇಗ ಮುಗಿಯಿತು, ಕತ್ತಲಾಗುವ ಮುನ್ನ ಸಗಾಡ ಸೇರಿದೆವು.

ಸಗಾಡದಲ್ಲಿ ಎಲ್ಲಿಗೂ ನೇರವಾಗಿ ನುಗ್ಗುವಂತಿಲ್ಲ. ಮೊದಲು ಪುರಸಭೆಯ ಪ್ರವಾಸಿ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಶುಲ್ಕ ಕಟ್ಟಬೇಕು. ಗುಹೆಗಾಗಲಿ ಶವಪೆಟ್ಟಿಗೆಗಳನ್ನು ತೂಗುಹಾಕಿದ ಬಂಡೆಗಾಗಲಿ ಊರಿನ ಮಾರ್ಗದರ್ಶಿಯೊಡನೆಯೇ ಹೋಗಬೇಕು. ಇಲ್ಲಿಯ ಕಂಕನಾಯ್ ಸಮುದಾಯದ ಹಿರಿಯರು ‘ದಪ್-ಅಯ್’ ಎಂಬ ಕಲ್ಲುಹಾಸಿನ ಕಟ್ಟೆಯಲ್ಲಿ ಸೇರಿ ‘ಒಬಾಯಾ’ ಎಂಬ ಬಿಡುವಿನ ದಿನವನ್ನು ಸಾರಿದರೆ, ಹೊಲದ ಕೆಲಸವೂ ನಿಲ್ಲುತ್ತದೆ, ಪ್ರವಾಸಿಗರ ಓಡಾಟವೂ ನಿಲ್ಲುತ್ತದೆ. ರಜೆ ಹಾಕಿ ಬಂದವರಿಗೆ ಇದು ಕಿರಿಕಿರಿ ಎನಿಸಬಹುದು. ನನಗಂತೂ ಇದು ಸರಿಯೆಂದೇ ತೋರಿತು: ಅದು ಅವರ ಮನೆ, ನಾವು ಬಾಗಿಲು ತಟ್ಟುವವರು.

ಎಕೋ ವ್ಯಾಲಿಯ ಸುಣ್ಣಕಲ್ಲಿನ ಬಂಡೆಗೆ ಬಿಗಿದ ಶವಪೆಟ್ಟಿಗೆಗಳನ್ನು ನಾವು ದೂರದಿಂದ ಚಿತ್ರೀಕರಿಸಿದ್ದೇವೆ. ಕೆಲವು ಪೆಟ್ಟಿಗೆಗಳು ಗಿಡ್ಡವಾಗಿರುವುದನ್ನು ಗಮನಿಸಿ. ಸತ್ತವರನ್ನು ಗರ್ಭದಲ್ಲಿರುವ ಶಿಶುವಿನ ಭಂಗಿಯಲ್ಲಿ ಮಡಿಸಿ ಇಡುತ್ತಿದ್ದರು, ಹುಟ್ಟಿದ ಭಂಗಿಯಲ್ಲೇ ಮರಳಬೇಕೆಂಬ ನಂಬಿಕೆಯಿಂದ. ಪೆಟ್ಟಿಗೆಗಳ ಪಕ್ಕದಲ್ಲಿ ಕಟ್ಟಿರುವ ಮರದ ಕುರ್ಚಿಗಳು, ಅಂತ್ಯಕ್ರಿಯೆಗೆ ಮುನ್ನ ದೇಹವನ್ನು ಕೂರಿಸಲು ಬಳಸುತ್ತಿದ್ದವು. ಎಲ್ಲರಿಗೂ ಈ ಬಂಡೆ ದಕ್ಕುತ್ತಿರಲಿಲ್ಲ, ತುಂಬು ಬಾಳು ಬಾಳಿದ ಹಿರಿಯರಿಗೆ ಮಾತ್ರ. ಈಗ ಬಹುತೇಕರನ್ನು ಕ್ರೈಸ್ತ ಸ್ಮಶಾನದಲ್ಲೇ ಹೂಳುತ್ತಾರೆ.

ಸುಮಾಗಿಂಗ್ ಗುಹೆಯೊಳಗಿನ ಚಿತ್ರಣ ಅಲುಗಾಡುತ್ತಿರುವುದಕ್ಕೆ ಕಾರಣ, ಕ್ಯಾಮೆರಾ ಹಿಡಿದವನ ಎರಡೂ ಕೈಗಳು ಹಗ್ಗಕ್ಕೆ ಬೇಕಾಗಿದ್ದವು. ಆರಂಭದ ಬಂಡೆಗಳು ಬಾವಲಿಗಳ ಹಿಕ್ಕೆಯಿಂದ ಜಾರುತ್ತವೆ, ವಾಸನೆಯೂ ಸಾಕಷ್ಟಿದೆ. ಅದನ್ನು ದಾಟಿದ ಮೇಲೆ ಮಾರ್ಗದರ್ಶಿ ಎಲ್ಲರ ಚಪ್ಪಲಿಗಳನ್ನು ಬಿಡಿಸಿದರು. ನೀರು ಹರಿಯುವ ಸುಣ್ಣಕಲ್ಲು ನುಣುಪಾಗಿ ಕಂಡರೂ ಮುಟ್ಟಿದರೆ ಮರಳುಕಾಗದದಂತೆ ಒರಟು. ಬರಿಗಾಲು ಅಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಒಂದು ಕೈಯಲ್ಲಿ ಉರಿಯುವ ಸೀಮೆಎಣ್ಣೆಯ ದೀಪವನ್ನು ಹಿಡಿದಿದ್ದ ಅವರು, ಕಾಲಿಡಲು ಚಾಚು ಸಿಗದ ಕಡೆ ಗೋಡೆಗೆ ಬೆನ್ನೊತ್ತಿ ನಿಂತು, ಬಾಗಿಸಿದ ತಮ್ಮ ತೊಡೆಯನ್ನೇ ಮೆಟ್ಟಿಲಾಗಿ ಒಡ್ಡಿದರು. ಹಿರಿಯರ ಮೈಮೇಲೆ ಕಾಲಿಡಲು ನಾವು ಹಿಂಜರಿದಾಗ, ತಡಮಾಡಿದರೆ ತಮಗೇ ಭಾರ ಹೆಚ್ಚು ಎಂದು ಗದರಿದರು. ಸೊಂಟದವರೆಗಿನ ತಣ್ಣೀರಿನ ಹೊಂಡದಲ್ಲಿ ಇಳಿದು ಹೊರಬಂದಾಗ ನಮ್ಮಲ್ಲಿ ಜಂಬ ಕೊಚ್ಚಿಕೊಳ್ಳುವ ಶಕ್ತಿ ಯಾರಿಗೂ ಉಳಿದಿರಲಿಲ್ಲ.

ಬೊಂಟೊಕ್ ಪಟ್ಟಣ ಚೀಕೊ ನದಿಯ ದಡದಲ್ಲಿದೆ. 1970ರ ದಶಕದಲ್ಲಿ, ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಆಡಳಿತದಲ್ಲಿ, ಈ ನದಿಗೆ ಅಣೆಕಟ್ಟುಗಳನ್ನು ಕಟ್ಟುವ ಯೋಜನೆ ಬಂದಾಗ, ಮುಳುಗಡೆಯಾಗಬೇಕಿದ್ದ ಬೊಂಟೊಕ್ ಮತ್ತು ಕಲಿಂಗಾ ಸೀಮೆಯ ಜನ ಒಟ್ಟಾಗಿ ಎದುರು ನಿಂತರು. ಅವರ ಮುಂದಾಳುಗಳಲ್ಲೊಬ್ಬರಾದ ಮಕ್ಲಿಇಂಗ್ ದುಲಾಗ್ ಅವರನ್ನು 1980ರ ಏಪ್ರಿಲ್‌ನಲ್ಲಿ ಸೈನಿಕರು ಗುಂಡಿಟ್ಟು ಕೊಂದರು. ಕೊನೆಗೆ ಆ ಯೋಜನೆಯನ್ನು ಕೈಬಿಡಬೇಕಾಯಿತು. ಕಾರು ನದಿಯ ಪಕ್ಕದಲ್ಲೇ ಸಾಗುತ್ತಿದ್ದಾಗ ಕುಯಾ ಅವರು ಈ ಕಥೆಯನ್ನು ಹೇಳಿದರು. ಮುಳುಗಡೆ ಎಂಬ ಮಾತು ಶರಾವತಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಲ್ಲ. ನಮ್ಮಲ್ಲಿ ತೀರ್ಥಹಳ್ಳಿಯ ಗೆಳೆಯ ಅದನ್ನು ಕೇಳಿ ಬಹಳ ಹೊತ್ತು ಪ್ರಶ್ನೆಗಳನ್ನು ಕೇಳುತ್ತಲೇ ಇದ್ದ.

ಬನಾವೆಯ ಮೆಟ್ಟಿಲುಗದ್ದೆಗಳು ಹಿಂದಿನ 20 ಪೆಸೊ ನೋಟಿನ ಮೇಲೆ ಅಚ್ಚಾಗಿ ಪ್ರಸಿದ್ಧವಾಗಿವೆ. ಆದರೆ 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಐದು ಸಮೂಹಗಳಲ್ಲಿ ರಸ್ತೆಬದಿಯ ವೀಕ್ಷಣಾ ಕಟ್ಟೆಯಿಂದ ಕಾಣುವ ಆ ಗದ್ದೆಗಳಿಲ್ಲ, ಬಟಾಡ್ ಹಳ್ಳಿಯ ಗದ್ದೆಗಳಿವೆ. ಅಲ್ಲಿಗೆ ಜನರನ್ನು ಸಾಗಿಸುವ ಉದ್ದನೆಯ ಜೀಪಾದ ‘ಜೀಪ್ನಿ’ಯಲ್ಲಿ ಸ್ವಲ್ಪ ದೂರ ಹೋಗಿ ಉಳಿದದ್ದನ್ನು ನಡೆಯಬೇಕು. ಎದುರಿನ ಬೆಟ್ಟ ಅರ್ಧಚಂದ್ರಾಕಾರವಾಗಿ ಬಾಗಿದ್ದು, ಬುಡದಿಂದ ಮೇಲಿನವರೆಗೂ ಕಲ್ಲು ಕಟ್ಟಿದ ಗೋಡೆಗಳ ಮೇಲೆ ಗದ್ದೆಗಳು ಏರುತ್ತವೆ. ಇವಕ್ಕೆ ಎರಡು ಸಾವಿರ ವರ್ಷಗಳ ವಯಸ್ಸೆಂದು ಶಾಲಾಪುಸ್ತಕಗಳು ಹೇಳುತ್ತಾ ಬಂದಿವೆ. ಪುರಾತತ್ತ್ವಜ್ಞ ಸ್ಟೀಫನ್ ಅಕಬಾಡೊ ಅವರ ಸಂಶೋಧನೆಯಾದರೋ, ನೀರು ನಿಲ್ಲಿಸಿ ಭತ್ತ ಬೆಳೆಯುವ ಗದ್ದೆಗಳು ಸ್ಪೇನಿನವರು ಬಂದ ಕಾಲದಲ್ಲಿ ಹಬ್ಬಿದವೆಂದೂ, ಅವರಿಗೆ ಮಣಿಯದೆ ಬೆಟ್ಟ ಸೇರಿದ ಜನರ ದುಡಿಮೆಯೆಂದೂ ಸೂಚಿಸುತ್ತದೆ. ವಯಸ್ಸು ಕಡಿಮೆಯಾದರೆ ಹಿರಿಮೆ ಕುಗ್ಗುತ್ತದೆಯೆಂದು ನನಗನ್ನಿಸುವುದಿಲ್ಲ. ಕೆಲವೇ ತಲೆಮಾರುಗಳಲ್ಲಿ ಇಷ್ಟು ಕಟ್ಟಿದರೆಂಬುದು ಇನ್ನೂ ದೊಡ್ಡ ಮಾತು.

ಗದ್ದೆಗಳಿಗೆ ನೀರು ಬರುವುದು ಮೇಲಿನ ‘ಮುಯೊಂಗ್’ ಕಾಡುಗಳಿಂದ. ಮನೆತನಗಳು ಕಾಯ್ದುಕೊಂಡು ಬಂದಿರುವ ಈ ಕಾಡು ಬೋಳಾದರೆ ಕೆಳಗಿನ ಗದ್ದೆ ಒಣಗುತ್ತದೆ, ಗದ್ದೆ ಒಣಗಿದರೆ ಗೋಡೆ ಬಿರುಕು ಬಿಟ್ಟು ಕುಸಿಯುತ್ತದೆ. ದುಡಿಯುವ ಕೈಗಳು ಪಟ್ಟಣ ಸೇರಿ ಗದ್ದೆಗಳು ಪಾಳುಬಿದ್ದದ್ದರಿಂದಲೇ 2001ರಿಂದ 2012ರವರೆಗೆ ಇವು ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲಿದ್ದವು. ಇಲ್ಲಿಯ ‘ಟಿನವೊನ್’ ಭತ್ತ ವರ್ಷಕ್ಕೊಂದೇ ಬೆಳೆ. ನಾವು ಹೋದಾಗ ನಾಟಿ ನಡೆದಿತ್ತು. ಹೆಂಗಸರು ಸಸಿಯ ಕಟ್ಟುಗಳನ್ನು ಬಿಚ್ಚಿ, ಬಾಗಿ, ಹಿಂದಕ್ಕೆ ಹೆಜ್ಜೆಯಿಡುತ್ತಾ ನೆಡುತ್ತಿದ್ದರು.

ಬದುವಿನ ಮೇಲೆ ನಡೆಯುವಾಗ ಒಂದು ಕಡೆ ಮೊಣಕಾಲುದ್ದದ ಕೆಸರು, ಇನ್ನೊಂದು ಕಡೆ ಆಳೆತ್ತರದ ಗೋಡೆ. ನಮ್ಮ ತೀರ್ಥಹಳ್ಳಿಯ ಗೆಳೆಯನೊಬ್ಬನೇ ಕೈಬೀಸಿಕೊಂಡು ಸರಾಗವಾಗಿ ನಡೆದವನು. ಮಾರ್ಗದರ್ಶಿ ಚೀಲದಿಂದ ಅಡಿಕೆ, ವೀಳ್ಯದೆಲೆ, ಸುಣ್ಣ ತೆಗೆದಾಗ ಅವನ ಮುಖ ಅರಳಿತು. ಇಫುಗಾವ್ ಜನ ‘ಮೊಮ್ಮಾ’ ಎನ್ನುವ ಈ ತಾಂಬೂಲದಲ್ಲಿ ಅಡಿಕೆ ಹಸಿಯದು. ಮನೆಯಲ್ಲಿ ಅಡಿಕೆ ತೋಟವಿರುವವನಾದ್ದರಿಂದ ಅವನು ಹೋಳನ್ನು ತಿರುಗಿಸಿ ನೋಡಿ ಒಳಗಿನ ಬಿಳಿಯನ್ನು ಪರೀಕ್ಷಿಸಿ, ಎಳೆಯದೆಂದು ತೀರ್ಪು ಕೊಟ್ಟೇ ಬಾಯಿಗೆ ಹಾಕಿಕೊಂಡ. ಉಗುಳಬಾರದೆಂಬ ಫಲಕಗಳು ಈ ಸೀಮೆಯ ಊರುಗಳಲ್ಲೂ ಇವೆ, ನಮ್ಮ ಬಸ್‌ನಿಲ್ದಾಣಗಳಲ್ಲಿರುವಷ್ಟೇ ಧಾರಾಳವಾಗಿ.

ಮರಳುವಾಗ, 1945ರ ಸೆಪ್ಟೆಂಬರ್ 2ರಂದು ಜಪಾನಿನ ಜನರಲ್ ಯಮಾಶಿತ ಶರಣಾದ ಕಿಯಾಂಗನ್‌ನಲ್ಲಿ ಸ್ವಲ್ಪ ಹೊತ್ತು ನಿಂತು, ಡಾಲ್ಟನ್ ಪಾಸ್ ಘಾಟಿಯಲ್ಲಿ ಭಾರದ ಲಾರಿಗಳ ಹಿಂದೆ ತೆವಳಿ, ಬಯಲಿಗೆ ಇಳಿದೆವು. ಮುಂದಿನ ಸುತ್ತಿಗೆ ಲೂಜಾನ್‌ನ ಅತಿ ಎತ್ತರದ ಶಿಖರವಾದ ಪುಲಾಗ್ ಹತ್ತಬೇಕೆಂದು ಕಾರಿನಲ್ಲೇ ತೀರ್ಮಾನವಾಗಿದೆ. ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು, ವೈದ್ಯಕೀಯ ಪ್ರಮಾಣಪತ್ರ ತೋರಿಸಬೇಕು, ಉದ್ಯಾನದ ಕಚೇರಿಯಲ್ಲಿ ಕುಳಿತು ನಿಯಮಗಳನ್ನು ಕೇಳಿಸಿಕೊಂಡ ಮೇಲಷ್ಟೇ ಹತ್ತಲು ಬಿಡುತ್ತಾರೆ. ಆ ಕಾಗದಪತ್ರಗಳ ಪಟ್ಟಿಯನ್ನು ಕುಯಾ ಅವರು ಈಗಾಗಲೇ ನಮ್ಮ ಗುಂಪಿಗೆ ಕಳುಹಿಸಿದ್ದಾರೆ.