ಡಾಕ್ಟರಿಗೆ ಮಾತ್ರ ಮುಚ್ಚಿಡಬೇಡಿ

ಕೇಳುಗರಿಗೆ ನಮಸ್ಕಾರ. ಕೆಲಸ ಮಾಡುತ್ತಲೇ ರೇಡಿಯೋ ಕೇಳುತ್ತಿರುವ ಅಮ್ಮಂದಿರಿಗೆ, ಅಕ್ಕತಂಗಿಯರಿಗೆ ನನ್ನ ಮೊದಲ ಮಾತು. ಮನೆಯಲ್ಲಿ ಗಂಡನೋ ಮಗನೋ ದಿನಾ ಕುಡಿಯುತ್ತಿದ್ದರೆ ಅದನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ನೆಂಟರಿಗೂ ಹೇಳಬೇಕಾಗಿಲ್ಲ. ಆದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಯಾಕೆ ಮುಚ್ಚಿಡುತ್ತೀರಿ ಅನ್ನುವುದು ಗೊತ್ತು. ಮಗಳಿಗೆ ಗಂಡು ನೋಡುತ್ತಿರುತ್ತೀರಿ. 'ಹೆಂಡತಿ ನೆಟ್ಟಗಿದ್ದಿದ್ದರೆ ಅವನ್ಯಾಕೆ ಕುಡೀತಿದ್ದ' ಎಂದು ಎದುರಿಗೇ ಅನ್ನುವವರಿದ್ದಾರೆ. ಹಾಗಾಗಿ ಮೇಸ್ತ್ರಿಗೆ ಫೋನ್ ಮಾಡಿ 'ಇವರಿಗೆ ಜ್ವರ' ಎನ್ನುವವಳೂ ಅವಳೇ, ಅಂಗಡಿಯ ಬಾಕಿ ತೀರಿಸುವವಳೂ ಅವಳೇ. ಕುಡಿಯುವವನು ಒಬ್ಬ, ನಾಚಿಕೆ ಹೊರುವುದು ಮನೆಮಂದಿಯೆಲ್ಲ.

ಈ ನಾಚಿಕೆ ಆಸ್ಪತ್ರೆಗೂ ಜೊತೆಯಲ್ಲೇ ಬಂದರೆ ಏನಾಗುತ್ತದೆ ಕೇಳಿ. ಮೂಳೆ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ನರ್ಸಮ್ಮನನ್ನು ಕೇಳಿದರೂ ಇಂಥದ್ದೊಂದು ಕಥೆ ಹೇಳುತ್ತಾರೆ.

ಭಾನುವಾರ ಸಂಜೆ ಒಬ್ಬ ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ಬರುತ್ತಾನೆ. ಕೇಸ್ ಶೀಟ್ ಬರೆಯುವ ಡಾಕ್ಟರು 'ಕುಡೀತಾರಾ?' ಎಂದು ಕೇಳುತ್ತಾರೆ. ಸುತ್ತ ಬೀಗರು ನಿಂತಿದ್ದಾರೆ. ಹೆಂಡತಿ ತಲೆ ತಗ್ಗಿಸಿ 'ಇಲ್ಲ ಸಾರ್, ಯಾವಾಗಲಾದರೂ ಹಬ್ಬದಲ್ಲಿ ಒಂಚೂರು' ಎನ್ನುತ್ತಾಳೆ. ನಿಜ ಏನೆಂದರೆ ದಿನಕ್ಕೆ ಎರಡು ಕ್ವಾರ್ಟರ್, ಅಂದರೆ 360 ಎಂ.ಎಲ್., ಹತ್ತು ವರ್ಷದಿಂದ. ಸೋಮವಾರ ಬೆಳಿಗ್ಗೆ ಅವನ ಕೈ ನಡುಗುತ್ತದೆ. ಕಾಫಿ ಲೋಟ ಬಾಯಿಯವರೆಗೆ ಹೋಗುವುದಿಲ್ಲ, ಚೆಲ್ಲುತ್ತದೆ. ಬೆವರುತ್ತಾನೆ, ನಾಡಿ 120 ದಾಟುತ್ತದೆ. ನೋವಿಗಿರಬೇಕು ಎಂದುಕೊಂಡು ನೋವಿನ ಇಂಜೆಕ್ಷನ್ ಕೊಡುತ್ತಾರೆ. ಅಂದು ರಾತ್ರಿ ಫಿಟ್ಸ್. ಬಿದ್ದಾಗ ತಲೆಗೆ ಪೆಟ್ಟಾಗಿರಬೇಕೆಂದು ಸ್ಕ್ಯಾನಿಂಗಿಗೆ ಕಳಿಸುತ್ತಾರೆ. ಸ್ಕ್ಯಾನಿಂಗ್ ನಾರ್ಮಲ್. ಮಂಗಳವಾರ ರಾತ್ರಿ ಹಾಸಿಗೆಯ ಮೇಲೆ ಹುಳು ಹರಿಯುತ್ತಿದೆ ಎಂದು ಬೆರಳಿನಿಂದ ಒಂದೊಂದನ್ನೇ ಹೆಕ್ಕತೊಡಗುತ್ತಾನೆ, ಅಲ್ಲಿ ಏನೂ ಇರುವುದಿಲ್ಲ. ಸತ್ತುಹೋದ ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ ಅನ್ನುತ್ತಾನೆ. ಡ್ರಿಪ್ ಕಿತ್ತೆಸೆದು ಮುರಿದ ಕಾಲಲ್ಲೇ ಏಳಹೋಗುತ್ತಾನೆ. ಗಾಳಿ ಸೋಕಿದೆ ಎಂದು ಯಾರೋ ತಾಯತ ತರಲು ಓಡುತ್ತಾರೆ. ಆಪರೇಷನ್ ಮುಂದಕ್ಕೆ ಹೋಗುತ್ತದೆ. ಕೊನೆಗೆ ಬುಧವಾರ ಬೆಳಗಿನ ಜಾವ ಅವನ ತಮ್ಮ ವರಾಂಡದಲ್ಲಿ ನರ್ಸಮ್ಮನ ಹತ್ತಿರ ಮೆಲ್ಲಗೆ 'ಅಣ್ಣ ದಿನಾ ತಗೋತಾನೆ ಮೇಡಂ' ಎನ್ನುತ್ತಾನೆ. ಆಮೇಲೆ ಸರಿಯಾದ ಇಂಜೆಕ್ಷನ್ ಬೀಳುತ್ತದೆ. ಇವನು ಬದುಕಿಕೊಂಡ. ಎಲ್ಲರೂ ಬದುಕುವುದಿಲ್ಲ.

ಇದರಲ್ಲಿ ಗಾಳಿಯೂ ಇಲ್ಲ, ದೆವ್ವವೂ ಇಲ್ಲ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ದಿನಾ ಕುಡಿದರೆ ಮಿದುಳು ಆ ಮಂಕಿನ ವಿರುದ್ಧ ಸೆಣಸಿ ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಆ ವೇಗಕ್ಕೆ ತಡೆಯೇ ಇರುವುದಿಲ್ಲ. ಕೊನೆಯ ಸಲ ಕುಡಿದ ಆರೆಂಟು ಗಂಟೆಗೆ ನಡುಕ, ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದ ನಡುವೆ ಈ ಭ್ರಮೆ. ಮೊದಲೇ ಗೊತ್ತಿದ್ದರೆ ಡಯಾಜೆಪಾಮ್ ಅಥವಾ ಲೊರಾಜೆಪಾಮ್ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತ, ಸಾಮಾನ್ಯವಾಗಿ ಒಂದು ವಾರದೊಳಗೆ ದಾಟಿಸಬಹುದು. ಈ ಮಾತ್ರೆಗಳನ್ನು ನೀವಾಗಿಯೇ ಅಂಗಡಿಯಿಂದ ತಂದು ಕೊಡಬೇಡಿ. ಕುಡಿದಿರುವವನಿಗೆ ಕೊಟ್ಟರೆ ಉಸಿರೇ ನಿಲ್ಲಬಹುದು.

ಭಾನುವಾರ ಡಾಕ್ಟರಿಗೆ ಬೇಕಾಗಿದ್ದದ್ದು ಮೂರೇ ಮಾತು. ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ. ಜನರೆದುರು ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ನರ್ಸನ್ನು ಪಕ್ಕಕ್ಕೆ ಕರೆದು ಹೇಳಿ. ಹರ್ನಿಯಾ ಆಪರೇಷನ್ನಿಗೆ ಬಂದರೂ ಹೇಳಿ, ಜ್ವರಕ್ಕೆ ಸೇರಿಸಿದರೂ ಹೇಳಿ.

ಸುಸ್ತು ಎಂದು ಗ್ಲೂಕೋಸ್ ಹಾಕಿಸುವಾಗಲಂತೂ ಹೇಳಲೇಬೇಕು. ದಿನಾ ಕುಡಿಯುವವರ ಮೈಯಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವ ಕಡಿಮೆಯಿರುತ್ತದೆ. ಥಯಾಮಿನ್ ಇಂಜೆಕ್ಷನ್ ಕೊಡದೆ ಗ್ಲೂಕೋಸ್ ಹರಿಸಿದರೆ ಇದ್ದಬದ್ದದ್ದೂ ಖರ್ಚಾಗಿ, ಕಣ್ಣು ಓಲಾಡಿ, ನಡಿಗೆ ತಪ್ಪಿ, ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು.

ಶಬರಿಮಲೆಗೆ ಮಾಲೆ ಹಾಕಿ ಥಟ್ಟನೆ ಕುಡಿತ ನಿಲ್ಲಿಸುವವರಿಗೂ ಇದೇ ಮಾತು. ವ್ರತ ಒಳ್ಳೆಯದು, ಖಂಡಿತ ಹಿಡಿಯಲಿ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕುಡಿಯದೆ ಕೈ ನಡುಕ ನಿಲ್ಲದವರು ಮಾಲೆ ಹಾಕುವ ಮೊದಲು ಡಾಕ್ಟರನ್ನು ನೋಡಲಿ.

ಇನ್ನು ಸಾರಿನಲ್ಲಿ, ಮಜ್ಜಿಗೆಯಲ್ಲಿ ಗುಟ್ಟಾಗಿ ಪುಡಿ ಬೆರೆಸುವ ವಿಚಾರ. ದಯವಿಟ್ಟು ಬೇಡ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ, ಅದನ್ನು ನುಂಗುವವನಿಗೆ ಗೊತ್ತಿದ್ದೇ ಕೊಡಬೇಕು. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿ ಎರಡು ವಾರ ಆಗುವವರೆಗೂ ಆ ಅಪಾಯ ಇರುತ್ತದೆ. ಇದೂ ನಾಚಿಕೆಯದೇ ಕೆಲಸ, ಯಾರಿಗೂ ತಿಳಿಯದಂತೆ ಮುಗಿಸಿಬಿಡೋಣ ಎಂಬ ಆಸೆ.

ಕುಡಿತದ ಆಸೆ ತಗ್ಗಿಸುವ ಬೇರೆ ಮಾತ್ರೆಗಳೂ ಇವೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ನಡುವೆ ಒಮ್ಮೆ ಮತ್ತೆ ಕುಡಿದರೆ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದಾಗ ಮಾಡುವಂತೆ, ಮರುದಿನವೇ ಡಾಕ್ಟರ ಹತ್ತಿರ ಕರೆತನ್ನಿ. 'ಎಲ್ಲ ಮಾಡಿ ಆಯಿತು, ಇವನ ಹಣೆಬರಹ' ಎಂದು ಕೈಬಿಡಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಕುಡಿತದ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ.

ಸುದ್ದಿ ಹೊರಗೆ ಹೋದೀತೆಂಬ ಭಯವಿದ್ದರೆ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಕಾಯಿಲೆಯೂ ಸೇರಿದೆ. ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು ರೋಗಿಯ ಹಕ್ಕು. ಧಣಿಗಾಗಲಿ ಬೀಗರಿಗಾಗಲಿ ಚಿಕಿತ್ಸೆ ಕೊಡುವ ನಾವು ಹೇಳುವಂತಿಲ್ಲ.

ಮಕ್ಕಳ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಹೊತ್ತಾಯಿತೆಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಎರಡೇ ಮಾತು. ಪ್ಯಾಕೆಟ್ ತರಲು ಮಗುವನ್ನು ಅಂಗಡಿಗೆ ಕಳಿಸಬೇಡಿ. 'ಅಪ್ಪನಿಗೆ ಕಾಯಿಲೆ, ಅದು ನಿನ್ನಿಂದ ಬಂದದ್ದಲ್ಲ' ಎಂದು ಮಗುವಿಗೆ ಬಾಯಿಬಿಟ್ಟು ಹೇಳಿ.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಎಲ್ಲಿ ಹತ್ತಿರವೋ ಅಲ್ಲಿಗೆ ಹೋಗಿ. ಅವನು ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ ಕೇಳಬಹುದು. ಅದಕ್ಕೂ ಮೊದಲು ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ, 14416. ನಮಸ್ಕಾರ.